ಒಂದೇ ಬಾಗಿಲಿಗೆ ಮೂರು ಬೀಗ

ಬೀಗ ರಿಪೇರಿಯಲ್ಲೇ ಮೂವತ್ತು ವರ್ಷ ಸವೆಸಿದ ಮನುಷ್ಯನಿಗೆ ಕಂಪ್ಯೂಟರಿನ ಮೇಲೆ ನಂಬಿಕೆ ಹೇಗೆ ಬಂದೀತು? ಕಣ್ಣಿಗೆ ಕಾಣುವ ಬಾಗಿಲಿಲ್ಲ, ಕೈಗೆ ಸಿಗುವ ಚಿಲಕವಿಲ್ಲ. ಸೊಸೆ ಮನೆಯಲ್ಲೇ ಕೂತು ಕಂಡವರ ಅರ್ಜಿ, ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಿದ್ದುದು ಅದರಲ್ಲೇ. ವೈರಸ್ ಹೊಕ್ಕರೆ ಗತಿಯೇನೆಂದು ಯಾರೋ ಗಿರಾಕಿ ತಲೆಗೆ ಹುಳ ಬಿಟ್ಟಿದ್ದೇ ತಡ, ಮಾವ ಒಂದು ಆಂಟಿವೈರಸ್ ಹಾಕಿದರು. ಅದು ಸಾಲದೆಂದು ಇನ್ನೊಂದು. ಪಕ್ಕದ ಅಂಗಡಿಯವನು ಹೊಗಳಿದನೆಂದು ಮತ್ತೊಂದು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕಾವಲು ಹಾಕಿದ್ದನ್ನು ಡಂಗುರ ಸಾರುವವರುಂಟೇ?

ವಾರ ಕಳೆಯುವುದರೊಳಗೆ ಕಂಪ್ಯೂಟರ್ ತೆವಳತೊಡಗಿತು. ಒಂದು ಪತ್ರ ತೆರೆಯುವಷ್ಟರಲ್ಲಿ ಪಾತ್ರೆ ತೊಳೆದು ಬರಬಹುದಿತ್ತು. ಕೊನೆಗೊಂದು ದಿನ, ಮೇಷ್ಟ್ರೊಬ್ಬರ ಎಂಬತ್ತು ಪುಟದ ಪ್ರಬಂಧವೇ ಮಾಯವಾಯಿತು. ಶುಕ್ರವಾರ ಕೊಡದಿದ್ದರೆ ಅವರ ಶಾಲೆಯ ಕೆಲಸವೆಲ್ಲ ಸೊಸೆಯ ಕೈತಪ್ಪುವುದಿತ್ತು. ಮಗಳನ್ನು ನೋಡಲು ಬಂದಿದ್ದ ಅವಳ ತಾಯಿಯ ಎದುರಿಗೇ ಮಾವ ಹರಿಹಾಯ್ದರು:

"ಕಂಡಕಂಡದ್ದನ್ನೆಲ್ಲ ಒತ್ತಿದ್ರೆ ಇನ್ನೇನಾಗುತ್ತೆ? ಒಳಗಿನವರೇ ಬಾಗಿಲು ತೆಗೆದಿಟ್ರೆ ನಾನೆಷ್ಟೂಂತ ಕಾಯ್ಲಿ?"

ಆ ತಾಯಿ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದುಹೋದರು.

ಮರುದಿನ ರಿಪೇರಿಯ ಹುಡುಗಿ ಬಂದಳು. ಹತ್ತು ನಿಮಿಷ ಅಲ್ಲಿ ಇಲ್ಲಿ ಒತ್ತಿ, ನಕ್ಕಳು.

"ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಮೂರು ಆಂಟಿವೈರಸ್ ಇವೆ. ಒಂದನ್ನ ಕಂಡ್ರೆ ಇನ್ನೊಂದು ಕಳ್ಳ ಅಂತ ಮುಗಿಬೀಳ್ತಿದೆ. ಈ ಜಗಳದಲ್ಲಿ ನಿಮ್ಮ ಪ್ರಬಂಧಾನೂ ಹಿಡಿದು ಕೂಡಿಹಾಕಿದೆ. ಬಿಡಿಸಿ ಕೊಡ್ತೀನಿ. ಅಲ್ಲಾ, ಇದನ್ನೆಲ್ಲ ಹಾಕಿದ್ದು ಯಾರು?"

ಮಾವನ ಕಿವಿ ಬಿಸಿಯಾಯಿತು. ಒಂದೇ ಬಾಗಿಲಿಗೆ ಮೂರು ಬೀಗ ಕೂರಿಸಿ ಎಂದು ಬಂದ ಗಿರಾಕಿಗಳನ್ನು, ಅಷ್ಟು ತೂತು ಕೊರೆದರೆ ಮರವೇ ಸೀಳುತ್ತದೆಂದು ಬೈದು ಕಳಿಸಿದ ಮನುಷ್ಯ ಇವರು.

"ನಾನೇ," ಎಂದಳು ಸೊಸೆ, ಅವರ ಕಡೆ ನೋಡದೆ.

ಆಗಲಾದರೂ ಮಾವ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. "ಒಂದಿದ್ರೆ ಸಾಕಮ್ಮ, ಓದಿದವರು ನೀವು," ಎಂದು ಹುಡುಗಿ ಬುದ್ಧಿ ಹೇಳುತ್ತಿದ್ದಳು. ಸೊಸೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ದೊಡ್ಡವರೆನಿಸಿಕೊಂಡವರು ಮೂಲೆಯಲ್ಲಿ ಕೂತು ಬೀಗದ ಕೈ ಗೊಂಚಲನ್ನು ಒಂದೊಂದಾಗಿ ಎಣಿಸುತ್ತಿದ್ದರು. ಅಷ್ಟು ನಾಚಿಕೆ ಅವರಿಗೆ ಜನ್ಮದಲ್ಲೇ ಆಗಿರಲಿಲ್ಲ.

ಹುಡುಗಿ ಚೀಲ ಹೆಗಲಿಗೇರಿಸಿ ಇಳಿದುಹೋದ ಮೇಲೆ ಮಾವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬರಿಗಾಲಲ್ಲೇ ಮೆಟ್ಟಿಲಿಳಿದು, ತಮ್ಮದೇ ಅಂಗಡಿಯ ಮುಂದೆ ಅವಳನ್ನು ನಿಲ್ಲಿಸಿದರು.

"ಹಾಕಿದ್ದು ನನ್ನ ಸೊಸೆ ಅಲ್ಲಮ್ಮ. ನಾನು."

"ಗೊತ್ತು ಬಿಡಿ ಸಾರ್." ಹುಡುಗಿ ತಲೆಯೆತ್ತಿ ಅಂಗಡಿಯ ಬೋರ್ಡು ತೋರಿಸಿದಳು. "ಮೂರರಲ್ಲೂ ಕೊಂಡವರು ಅಂತ ಇದೇ ಹೆಸರಿತ್ತು. ಅವರೂ ನೋಡಿದ್ರು. ನೋಡಿದ ಮೇಲೇನೇ ಅವರು ನಾನೇ ಅಂದಿದ್ದು."

ಅಂದರೆ, ತಾವು ಗೊಂಚಲು ಎಣಿಸುತ್ತ ಕೂತಿದ್ದಷ್ಟು ಹೊತ್ತೂ ಇಬ್ಬರಿಗೂ ಗೊತ್ತಿತ್ತು.

ಮಾವ ಮೆಟ್ಟಿಲು ಹತ್ತಿದರು. ಸೊಸೆ ಆಗಲೇ ಟೈಪ್ ಮಾಡಲು ಕೂತಿದ್ದಳು. ಅವಳ ಬೆನ್ನ ಹಿಂದೆ ನಿಂತು, ಕೆಮ್ಮಿ, ಹೇಳಿದರು:

"ನಿಮ್ಮಮ್ಮನಿಗೆ ಫೋನ್ ಮಾಡಿ ಕೊಡಮ್ಮ. ಅವರ ಮುಂದೇನೇ ಅಂದಿದ್ದಲ್ವಾ."