ಹಲ್ಲಿನಲ್ಲಿ ಹಿಡಿದ ಕೆಂಪು ಎಳೆ

ನಿಮ್ಮಜ್ಜ ತೀರಿಕೊಂಡ ದಿನ ನಾನು ಅಳಲಿಲ್ಲ. ಅಂಗಳದ ತುಂಬ ಗಂಡಸರಿದ್ದರು, ನಾಚಿಕೆ. ಸೆರಗಿನ ತುದಿ ಕಚ್ಚಿಕೊಂಡು ಗೋಡೆಗೆ ಒರಗಿ ಕುಳಿತೆ. ಆಮೇಲೆ ಸೆರಗು ಬಾಯಿಂದ ಬಂತು, ದವಡೆ ಮಾತ್ರ ಬಿಚ್ಚಲಿಲ್ಲ. ಹೇಗೋ ನಾಲ್ಕು ಮಾತು ಆಡುತ್ತಿದ್ದೆ. ತುತ್ತು ಹತ್ತಿರ ಬಂದರೆ ಹಲ್ಲು ಗಟ್ಟಿ ಕೂಡಿಕೊಳ್ಳುತ್ತಿದ್ದವು. ಅಂಬಲಿಯನ್ನು ಸಂದಿಯಿಂದ ಹೀರುತ್ತಿದ್ದೆ. ಇಳಕಲ್ಲಿನ ದವಾಖಾನೆಯಲ್ಲಿ ಹಲ್ಲು ನೋಡಿದರು, ಫೋಟೊ ತೆಗೆದರು, ಏನೂ ಆಗಿಲ್ಲ ಎಂದರು. ನಾನು ಸೊರಗುತ್ತಲೇ ಹೋದೆ. ರವಿಕೆಯ ತೋಳು ಜೋತಾಡತೊಡಗಿದವು.

ಕೊನೆಗೆ ನಿಮ್ಮವ್ವ ನನ್ನನ್ನು ಬಾಗಲಕೋಟೆಗೆ, ಮನಸ್ಸಿನ ಕಾಯಿಲೆ ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೊರಟಳು.

“ಏನ್ ಮಾಡ್ತಾರ ಅವರು?” ಎಂದು ಬಸ್ಸಿನಲ್ಲಿ ಕೇಳಿದೆ.

“ಮಲಗಸ್ತಾರ. ಮಾತಾಡಸ್ಕೋತ ಹಿಂದಿನ ದಿನಕ್ಕ ಕರ್ಕೊಂಡು ಹೋಗ್ತಾರಂತ. ಹಳೇದೆಲ್ಲಾ ಕಣ್ಣಮುಂದ ಬರ್ತೈತಂತ.”

ನಿಮ್ಮಜ್ಜನನ್ನು ಒಮ್ಮೆ ನೋಡಬಹುದೇನೋ ಎಂಬ ಆಸೆಯನ್ನು ಮಗಳಿಗೆ ಹೇಗೆ ಹೇಳಲಿ? ಅವರೇ ನೇಯ್ದ ಕಪ್ಪು ಸೀರೆ ಉಟ್ಟುಕೊಂಡಿದ್ದೆ.

ಒರಗುವ ಕುರ್ಚಿ, ಮೇಲೆ ಫ್ಯಾನಿನ ಸದ್ದು. ಡಾಕ್ಟರಮ್ಮ ಮೆಲ್ಲಗೆ ಮಾತಾಡುತ್ತ ಹೋದರು. ಕೈಕಾಲು ಭಾರವಾದವು. “ಹಲ್ಲು ಮೊದಲನೇ ಸಲ ಹಿಂಗ ಬಿಗಿದದ್ದು ಯಾವಾಗ್ರಿ? ಅಲ್ಲಿಗೆ ಹೋಗ್ರಿ,” ಎಂದರು. ನಾನು ನಿಮ್ಮಜ್ಜನನ್ನು ಹುಡುಕುತ್ತ ಹೋದೆ. ಅವರು ಸಿಗಲಿಲ್ಲ. ಪಾದ ತಣ್ಣಗಾದವು. ರೇಷ್ಮೆಯ ವಾಸನೆ ಮೂಗಿಗೆ ಅಡರಿತು. ನಾನು ಹೇಳದೆಯೇ ಬೆರಳುಗಳು ಗಾಳಿಯಲ್ಲಿ ಏನನ್ನೋ ಎತ್ತಿ ಎತ್ತಿ ಕೊಡತೊಡಗಿದವು. ದವಡೆ ಕಿವಿ ಗುಂಯ್‌ಗುಡುವಷ್ಟು ಬಿಗಿಯಿತು. ಎದುರಿಗೆ ಅರಿಷಿಣ ಹಚ್ಚಿದ ಎರಡು ಪಾದ, ಕಾಲುಂಗುರ. ಅವ್ವ ಎಂದು ಗೊತ್ತಾಯಿತು. ಮುಖ ನೋಡಲು ಕತ್ತು ಎತ್ತಿದೆ. ಬರೀ ಕೆಂಪು. ಆಗ ನನ್ನೊಳಗಿಂದ ಒಂದು ಕೂಗು ಬಂತು. ಕರು ಸತ್ತ ಎಮ್ಮೆ ಹಾಗೆ ಕೂಗುವುದನ್ನು ಕೇಳಿದ್ದೇನೆ. ಹೊರಗಿದ್ದ ನಿಮ್ಮವ್ವ ಬಾಗಿಲು ತಳ್ಳಿಕೊಂಡು ಓಡಿಬಂದಳು. ಎಚ್ಚರವಾದಾಗ ಸೀರೆ ಒದ್ದೆಯಾಗಿತ್ತು. ಅದು ಬರೀ ಬೆವರಲ್ಲ. ನಿಮಗೆ ಬರೆಯಲು ಈಗಲೂ ನಾಚಿಕೆ.

“ಅವ್ವನ ಮಾರಿ ಕಾಣಲಿಲ್ರಿ,” ಎಂದಷ್ಟೇ ಹೇಳಿದೆ.

ಡಾಕ್ಟರಮ್ಮ ನೀರು ಕೊಟ್ಟು, “ಹಿಂಗ ಕಂಡದ್ದೆಲ್ಲಾ ಖರೆ ಅಂತ ನಾ ಹೇಳೂದಿಲ್ರಿ. ಮನಸ್ಸು ತಾನ ಕಟ್ಟಿಕೊಂಡಿದ್ದೂ ಇರ್ತದ. ಬಲ್ಲವರಿದ್ರ ಕೇಳ್ರಿ,” ಎಂದರು. ಇಳಕಲ್ಲು ಮುಟ್ಟುವಷ್ಟರಲ್ಲಿ ಹಲ್ಲು ಮತ್ತೆ ಕೂಡಿದ್ದವು.

ನಾನು ಸಾಲೆಗೆ ಸೇರುವ ಮೊದಲೇ ಅವ್ವ ಹೆರಿಗೆಯಲ್ಲಿ ಸತ್ತಳೆಂದು ಗೊತ್ತಿತ್ತು, ನೆನಪು ಏನೂ ಇರಲಿಲ್ಲ. ಆದರೆ ಬೆರಳು ಮಾಡಿದ ಕೆಲಸ ಗುರುತು ಸಿಕ್ಕಿತ್ತು. ನಮ್ಮ ಇಳಕಲ್ಲಿನ ಸೀರೆಯ ಮೈಗೂ ಸೆರಗಿಗೂ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ ಬೇರೆ. ಮೈ ನೇಯ್ದು ಮುಗಿದ ಮೇಲೆ ಸೆರಗಿನ ಕೆಂಪು ಎಳೆಗಳನ್ನು ಅದಕ್ಕೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಎಳೆ ಎತ್ತಿ ಕೊಡುವುದು ಮಕ್ಕಳ ಕೆಲಸ. ಆ ಅರಿಷಿಣದ ಪಾದ ಅವ್ವ ಸತ್ತ ದಿನದ್ದೇ ಇರಬೇಕು, ಆದರೆ ಸಾವಿನ ಮನೆಯಲ್ಲಿ ಮಗ್ಗ ಮುಟ್ಟುವುದಿಲ್ಲ. ಹಾಗಾದರೆ ಕಂಡದ್ದು ಸುಳ್ಳೇ?

ಬಲ್ಲವಳು ಉಳಿದಿದ್ದು ಅವ್ವನ ತಂಗಿ ಒಬ್ಬಳೇ. ಹುನಗುಂದಕ್ಕೆ ಹೋದೆವು. ಚಿಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಮಲಗಾಕ ಬಾಗಲಕೋಟಿಗೆ ಹೋಗಿದ್ದೇನಬೇ? ನನ್ನ ಕಟ್ಟಿ ಸಣ್ಣದಾಗಿತ್ತೇನು?” ಎಂದು ನಕ್ಕಳು. ಕಂಡದ್ದನ್ನು ಹೇಳಿದೆ. ಮೊರದ ಮೇಲಿನ ಅವಳ ಕೈ ನಿಂತಿತು.

“ಮಗ್ಗ ನಡೀಲಿಲ್ಲ, ಖರೆ. ನಾವು ನೇಯಲಿಲ್ಲ, ಬರೇ ಕೊಂಡಿ ಹಾಕಿದ್ವಿ. ಊರಿಗೆಲ್ಲಾ ನೇದಾಕಿ ನಿಮ್ಮವ್ವ, ತನಗಂತ ಒಂದ ಸೀರಿ ಮಗ್ಗಕ್ಕ ಹಾಕಿದ್ಲು. ಮೈ ಮುಗಿದಿತ್ತು, ಸೆರಗು ಕೂಡಿಸೂದಿತ್ತು. ಅಷ್ಟರಾಗ ಹೆರಿಗಿ ಬ್ಯಾನಿ ಬಂತು, ಜೀವಾ ಹೋತು. ಮುತ್ತೈದಿನ್ನ ಸೆರಗಿಲ್ಲದ ಸೀರ್ಯಾಗ ಹೆಂಗ ಕಳಸೂದು ಅಂತ ನಮ್ಮವ್ವ, ನಿಮ್ಮಜ್ಜಿ, ಹಟಾ ಹಿಡದ್ಲು.”

“ನಾ ಎಲ್ಲಿದ್ದೆ?”

“ಮಗ್ಗದ ಬಾಜೂಕ. ಎಳಿ ಕೊಡಾಕ ಹತ್ತಿದ್ದಿ. ಅವ್ವಾ ಅಂತ ಅಳಾಕ ಬಾಯಿ ತಗದಿ. ‘ಅತ್ರ ಕೈ ನಡಗತೈತಿ, ಎಳಿ ಹರೀತೈತಿ. ಕಚ್ಚಿ ಹಿಡಿ’ ಅಂತ ನಮ್ಮವ್ವ ಒಂದು ಗೊಂಚಲು ಎಳಿ ನಿನ್ನ ಹಲ್ಲಾಗ ಕೊಟ್ಲು. ನೇಯಾಕ ಹೊತ್ತೆಲ್ಲಿತ್ತು? ಸೀರಿ ಕೊಯ್ದು ಉಡಿಸಿ, ಗ್ವಾಡಿಗೆ ಆನಿಸಿ ಕೂಡಿಸಿದ್ವಿ. ನೇಯದ ಎಳಿ ಹಂಗ ಮಾರಿ ಮ್ಯಾಲೆ ಇಳಿಬಿಟ್ವಿ. ನಿನಗೆ ಕೆಂಪಲ್ದ ಮತ್ತೇನ್ ಕಾಣಬೇಕು?”

ನನ್ನ ಹಲ್ಲು ಕಟಕಟ ಎನ್ನತೊಡಗಿದವು. ಚಿಗವ್ವ ನನ್ನ ಗದ್ದ ಹಿಡಿದುಕೊಂಡಳು. “ಕಚ್ಚಿ ಹಿಡಿ ಅಂದ್ವಿ. ಬಿಡು ಅನ್ನೂದು ಯಾರಿಗೂ ನೆಪ್ಪಾಗಲಿಲ್ಲ ನೋಡು. ಬಿಡವಾ ಇನ್ನ.”

ಅಲ್ಲೇ ಕಟ್ಟೆಯ ಮೇಲೆ, ಓಣಿಯಲ್ಲಿ ಹೋಗುವವರು ನೋಡುತ್ತಿದ್ದಂತೆ, ಬಾಯಿ ತೆರೆದು ಅತ್ತೆ. ಅವ್ವನಿಗಾಗಿ ಎಷ್ಟು, ನಿಮ್ಮಜ್ಜನಿಗಾಗಿ ಎಷ್ಟು, ನನಗೇ ತಿಳಿಯಲಿಲ್ಲ. ಚಿಗವ್ವ ಹಾಲಿನಲ್ಲಿ ರೊಟ್ಟಿ ನೆನೆಸಿ ತಾನೇ ತಿನ್ನಿಸಿದಳು. ಸ್ವಲ್ಪ ಇಳಿಯಿತು.

ಡಾಕ್ಟರಮ್ಮ ಮತ್ತೆ ಕರೆದರು, ನಾನು ಹೋಗಲಿಲ್ಲ. ಎಷ್ಟು ಸಲ ಹೋದರೂ ಆ ಎಳೆಗಳ ಹಿಂದಿನ ಮುಖ ನನಗೆ ಕಾಣುವುದಿಲ್ಲ. ಅಂದು ಕಾಣದ್ದು ಇಂದು ಎಲ್ಲಿಂದ ಬರಬೇಕು?

ಈಗಲೂ ಕೆಲವು ದಿನ ದವಡೆ ಬಿಗಿಯುತ್ತದೆ. ಆಗ ತುಟಿಯಿಂದ ಎಳೆ ತೆಗೆದಂತೆ ಬೆರಳಾಡಿಸಿ ತುತ್ತು ಇಟ್ಟುಕೊಳ್ಳುತ್ತೇನೆ. ನೀವು ಅದನ್ನು ಮಾಡಿ ತೋರಿಸಿ ನಗುತ್ತೀರಿ. ನಗಿರಿ, ನನಗೇನೂ ಬೇಸರವಿಲ್ಲ.