ನೂರ ಹನ್ನೆರಡನೆಯವಳ ಕೊನೆಯ ಚುಕ್ಕೆ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಕಾಜಾ ಎಂದೇ. ಅಕ್ಕತಂಗಿಯರಿಬ್ಬರೂ ಮದುವೆಯ ಗೊಡವೆಗೆ ಹೋಗದೆ ಮೂವತ್ತು ವರ್ಷ ಒಂದೇ ಟೈಲರ್ ಅಂಗಡಿ ನಡೆಸಿದವರು. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಗಿರಾಕಿಗಳ ಜೊತೆ ಜಗಳವಾಡುವುದು ಅಕ್ಕನ ಪಾಲು. ಒಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿದು, ಅದು ತೂರುವ ಕಾಜಾ ಹಾಕುವುದು ತಂಗಿಯದು; ಅವಳಿಗೆ ಆ ಹೆಸರು ಬಂದದ್ದೂ ಅದರಿಂದಲೇ. "ನಮ್ಮಂಗಡೀಲಿ ಬಾಯಿ ನಂದು, ಕೈ ಅವಳ್ದು" ಎಂದು ಅಕ್ಕ ನಗುತ್ತಿದ್ದಳು.

ಅಕ್ಕನ ಕಿಡ್ನಿ ಕೈಕೊಟ್ಟಾಗ ಆಸ್ಪತ್ರೆಯವರು ಅವಳನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಹಸಿರು ಕಾರ್ಡಿನ ಮೇಲೆ ಹೆಸರಿಲ್ಲ, ಬರೀ ನಂಬರು: ನೂರ ಹನ್ನೆರಡು. ಆರು ವರ್ಷ ತಂಗಿ ಒಂದು ಸಲವೂ ತಪ್ಪದೆ ಜೊತೆಗೆ ಹೋದಳು. ಆಮೇಲೆ ಅಕ್ಕ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ತೀರಿಕೊಂಡಳು.

ಕಾಜಾ ಅಳಲಿಲ್ಲ. ಅಳಬಾರದೆಂದಲ್ಲ, ಬರಲಿಲ್ಲ, ಅಷ್ಟೆ. ಮೂರನೆಯ ದಿನವೇ ಅಂಗಡಿ ತೆರೆದು, ಅಕ್ಕ ಕತ್ತರಿಸಿಟ್ಟಿದ್ದ ಹದಿನಾಲ್ಕು ಶರ್ಟು ಮುಗಿಸಿದಳು. ಯಾರಾದರೂ ಸಮಾಧಾನ ಹೇಳಿದರೆ "ಹೂಂ" ಎಂದು ಬಟ್ಟೆ ಮಡಚಿ ಕೈಗಿಟ್ಟಳು.

ನಲವತ್ತು ದಿನ ಕಳೆದ ಮೇಲೆ, ಅಕ್ಕ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದ ಸೋಮವಾರ ಬಂತು. ಕಾಜಾ ಕಾರ್ಡು ತೆಗೆದುಕೊಂಡು ಬಸ್ಸು ಹತ್ತಿ, ಅದೇ ಬೆಂಚಿನ ಮೇಲೆ ಹೋಗಿ ಕೂತಳು. ಹೊಸ ನರ್ಸು "ನೂರ ಹನ್ನೆರಡು!" ಎಂದು ಕೂಗಿದಳು. ಕಾಜಾ ಎದ್ದಳು. ರವಿಕೆಯ ತೋಳು ಮೇಲಕ್ಕೆ ಮಡಚಿ ಕೈ ಚಾಚಿದಳು. ಸೂಜಿ ಚುಚ್ಚಿದ್ದು ಯಾರಿಗೋ ಎಂಬಂತಿತ್ತು.

ಎರಡು ತಿಂಗಳಿಗೆ ಫೋನು ಬಂತು. ಅಧ್ಯಯನದ ಲೆಕ್ಕ ನೋಡುವ ಮನುಷ್ಯ. "ಅಮ್ಮಾ, ಬೈಯೋಕಲ್ಲ. ನಮ್ಮ ಸಾಫ್ಟ್‌ವೇರು ಮುಷ್ಕರ ಹೂಡಿದೆ. ಒಂದ್ಸಲ ಬಂದು ಹೋಗ್ತೀರಾ?"

ಅವನ ಕೋಣೆಯ ಕಿಟಕಿ ಪಕ್ಕದ ಗೋಡೆಗೇ ತೆರೆದುಕೊಂಡಿತ್ತು. ಮೇಜಿನ ಮೇಲೆ ಎರಡು ಕಂಪ್ಯೂಟರ್ ಪರದೆ, ತಣ್ಣಗಾದ ಟೀ. ಅವನು ಕುರ್ಚಿ ಎಳೆದು ಕೂರಿಸಿದ.

"ಇದು ಎರಡು ಲೆಕ್ಕ ಒಟ್ಟಿಗೆ ಮಾಡುತ್ತೆ. ಕಿಡ್ನಿ ಕೆಡ್ತಾ ಹೋದಂಗೆ ರಕ್ತದ ಅಂಕಿ ಹೇಗೆ ಏರ್ತಾ ಹೋಯ್ತು ಅನ್ನೋದೊಂದು, ಮನುಷ್ಯ ಎಷ್ಟು ದಿನ ಬದುಕಿದ್ರು ಅನ್ನೋದೊಂದು. ಬೇರೆ ಬೇರೆ ನೋಡಿದ್ರೆ ಮೋಸ ಹೋಗ್ತೀವಿ. ತೀರಾ ಹದಗೆಟ್ಟವರು ಬರೋದೇ ನಿಲ್ಲುತ್ತೆ. ಬರ್ತಾ ಇರೋರ ಅಂಕಿ ಮಾತ್ರ ನೋಡಿದ್ರೆ ಎಲ್ಲರೂ ಚೆನ್ನಾಗಿದಾರೆ ಅನ್ಸುತ್ತೆ."

"ಹೂಂ."

"ಆದ್ರೆ ಸತ್ತ ತಾರೀಕಾದ್ಮೇಲೆ ರಕ್ತ ಕೊಟ್ಟವರನ್ನ ಇದು ಒಪ್ಪಲ್ಲ. ನಾಲ್ಕುನೂರು ಜನರಲ್ಲಿ ಒಬ್ಬರು ಕೊಟ್ಟಿದಾರೆ."

ಪರದೆಯ ಮೇಲೆ ಇಪ್ಪತ್ತನಾಲ್ಕು ಚುಕ್ಕೆ ಮೆಟ್ಟಿಲಿನಂತೆ ಏರಿದ್ದವು. ಅವುಗಳಿಂದ ದೂರ, ತೀರಾ ಕೆಳಗೆ, ಇನ್ನೊಂದು.

"ಅದು ನಂದು" ಎಂದಳು ಕಾಜಾ.

"ಯಾಕಮ್ಮ ಕೊಟ್ರಿ?"

"ನಂಬರ್ ಕೂಗಿದ್ರು. ಎದ್ದೆ."

ಅವನು ಕೆಳಗಿನ ಚುಕ್ಕೆಯ ಮೇಲೆ ಬೆರಳಿಟ್ಟ. "ನಿಮ್ಮ ಕಿಡ್ನಿ ಚೆನ್ನಾಗಿದೆ" ಎಂದ.

ಆ ಚುಕ್ಕೆ ಅಳಿಸಲು ಕಾರಣ ಬರೆಯಬೇಕಿತ್ತು. 'ರಕ್ತ ಬೇರೆಯವರದು' ಎಂದು ಟೈಪು ಮಾಡಿದ. ಅದನ್ನೇ ಒಂದು ಗಳಿಗೆ ನೋಡಿ, ಹೊಡೆದುಹಾಕಿ, 'ತಂಗಿಯದು' ಎಂದು ಬರೆದ. ಕೆಳಗಿನ ಚುಕ್ಕೆ ಹೋಯಿತು. ಸಾಫ್ಟ್‌ವೇರು ಮತ್ತೆ ಓಡತೊಡಗಿ, ಅಂಕಿಗಳು ಸರಸರನೆ ಉರುಳಿದವು.

"ಅಕ್ಕನ ವಿಷಯ ಏನನ್ನುತ್ತೆ?"

"ಮೂರನೇ ವರ್ಷದಿಂದ ಬೇಗ ಬೇಗ ಏರಿದೆ. ಆಗಿನಿಂದಲೇ ಅಪಾಯ ಜಾಸ್ತಿಯಾಗಿತ್ತು."

"ಆ ವರ್ಷ ಅಂಗಡೀನ ಬೇರೆ ಜಾಗಕ್ಕೆ ಬದಲಾಯಿಸಿದ್ವಿ" ಎಂದಳು. "ಮೆಷಿನ್ನು ಅವಳೇ ಎತ್ತಿದ್ಲು. ಬೇಡ ಅಂದ್ರೂ ಕೇಳ್ಲಿಲ್ಲ."

ಹಸಿರು ಕಾರ್ಡನ್ನು ಮೇಜಿನ ಮೇಲಿಟ್ಟು ಬಸ್ಸು ಹಿಡಿದಳು.

ಈಗ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ರಿಪೇರಿ, ಗುಂಡಿ, ಕಾಜಾ ಅಷ್ಟೆ. ಒಂದು ಗುರುವಾರ ಯಾರದೋ ಕೋಟಿಗೆ ಕಾಜಾ ಹಾಕುತ್ತಿದ್ದಾಗ ಅವಳಿಗೆ ನೆನಪಾಯಿತು: ರಕ್ತ ಕೊಡುವ ಸೋಮವಾರ ಮತ್ತೆ ಬಂದು ಹೋಗಿದೆ, ತನಗೆ ಗೊತ್ತೇ ಆಗಿಲ್ಲ. ಸೂಜಿ ಹಿಡಿದ ಕೈ ನಿಂತಿತು. ಈಗಲಾದರೂ ಅಳು ಬಂದೀತೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಆ ಕೋಟಿಗೆ ಇನ್ನೂ ಮೂರು ಕಾಜಾ ಬಾಕಿಯಿತ್ತು, ಹಾಕಿದಳು.