ಹಸಿರು ಚುಕ್ಕೆ

ಯಶೋದಮ್ಮ ಎಡಚಿ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ತುತ್ತು ಎತ್ತಿದಳೆಂದು ಅವಳಮ್ಮ ಸೌಟಿನಲ್ಲಿ ಕೊಟ್ಟ ಏಟು ಒಂದೆರಡಲ್ಲ. ಊಟಕ್ಕೆ ಬಲಗೈ, ಕುಂಕುಮಕ್ಕೆ ಬಲಗೈ, ಅಕ್ಷತೆಗೆ ಬಲಗೈ ಎಂದು ಬಡಿದು ಬಡಿದು ಕಲಿಸಿದ್ದರು. ಆದರೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಚನ್ನವೀರಪ್ಪನವರ ಶೆಡ್ಡಿಗೆ ಕೆಲಸಕ್ಕೆ ಸೇರಿದ ದಿನ ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಅವಳು ಎಡಗೈಯಲ್ಲೇ ಹಿಡಿದಳು, ಯಾರೂ ಬೈಯಲಿಲ್ಲ. ಬೈಯುವುದಿರಲಿ, ಹನ್ನೊಂದು ವರ್ಷದಿಂದ ಹೊಗಳುತ್ತಲೇ ಇದ್ದರು. ಹಾಳು ಕೈಗೆ ಮರ್ಯಾದೆ ಸಿಕ್ಕ ಜಾಗ ಅದೊಂದೇ.

ಆ ಶೆಡ್ಡಿನಲ್ಲಿ ಎಂಟು ಜನ ಹೆಂಗಸರು ಉದ್ದದ ಮೇಜಿಗೆ ಕೂತು, ಕಂಪ್ಯೂಟರಿಗೆ ಕರೆಂಟು ಹಂಚುವ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದರು. ಬೋರ್ಡು ಮುಗಿದ ಮೇಲೆ ಮಾಡಿದವರು ಅದರ ಮೂಲೆಯಲ್ಲಿ ತಮ್ಮ ಬಣ್ಣದ ಉಗುರುಬಣ್ಣದಿಂದ ಒಂದು ಚುಕ್ಕೆ ಇಡಬೇಕು. ನಾಳೆ ತಪ್ಪು ಬಂದರೆ ಯಾರದು ಎಂದು ಗೊತ್ತಾಗಬೇಕಲ್ಲ. ಯಶೋದಮ್ಮನದು ಕೆಂಪು. ಪಕ್ಕದ ಸ್ಟೂಲಿನ ಅಂಜಮ್ಮನದು ಹಸಿರು. ಯಾರೂ ಕೊಳ್ಳದೆ ಫ್ಯಾನ್ಸಿ ಸ್ಟೋರಿನಲ್ಲಿ ಬಿದ್ದಿದ್ದ ಆ ಹಸಿರು ಬಾಟಲಿಯನ್ನು ಅಂಜಮ್ಮನೇ ಆರಿಸಿ ತಂದಿದ್ದಳು.

ಶೆಡ್ಡಿನಲ್ಲಿ ಇನ್ನೊಂದು ಕಟ್ಟುನಿಟ್ಟಿತ್ತು. ಹತ್ತಿರದ್ದು ಮಂಜಾಗಿ ಕಣ್ಣಿಗೆ ಚಾಳೀಸು ಬಂದವರು ಆ ಮೇಜಿಗೆ ಕೂರುವಂತಿಲ್ಲ. ಪ್ಯಾಕಿಂಗಿಗೆ ಹೋಗಬೇಕು, ಅಲ್ಲಿ ಜಾಗವಿಲ್ಲದಿದ್ದರೆ ಮನೆಗೆ. ರಾಮಕ್ಕ ಹೋದ ವರ್ಷ ಹಾಗೇ ಮನೆಗೆ ಹೋದಳು. ನಲವತ್ತಮೂರು ದಾಟಿದ ಯಶೋದಮ್ಮನಿಗೂ ಚಾಳೀಸು ಬಂದು ಮೂರು ವರ್ಷವಾಗಿತ್ತು. ಕನ್ನಡಕ ಊಟದ ಚೀಲದ ತಳದಲ್ಲಿ ಕರ್ಚೀಫಿನೊಳಗೆ ಇರುತ್ತಿತ್ತು, ಮನೆಯಲ್ಲಿ ಅಕ್ಕಿ ಆರಿಸುವಾಗ ಮಾತ್ರ ಹೊರಗೆ ಬರುತ್ತಿತ್ತು. ಗಂಡ ಹನುಮಯ್ಯ ಮಿಲ್ಲಿನ ಹತ್ತಿ ಧೂಳು ಕುಡಿದು ಕುಡಿದು ಎದೆ ಕೆಡಿಸಿಕೊಂಡು ಮಾರೇನಹಳ್ಳಿಯ ಬಾಡಿಗೆ ಮನೆಯಲ್ಲಿ ಕೆಮ್ಮುತ್ತಾ ಕೂತಿದ್ದ. ಇವಳ ಕೆಲಸವೂ ಹೋದರೆ ಒಲೆ ಹೊತ್ತುತ್ತಿರಲಿಲ್ಲ. ಅವಳ ಚಾಳೀಸಿನ ವಿಷಯ ಶೆಡ್ಡಿನಲ್ಲಿ ಗೊತ್ತಿದ್ದದ್ದು ಅಂಜಮ್ಮ ಒಬ್ಬಳಿಗೇ. ಬೆಸುಗೆ ಹಾಕಿದ ಬೋರ್ಡನ್ನು ಯಶೋದಮ್ಮ ಮೊಣಕೈಯಿಂದ ಮೆಲ್ಲಗೆ ಅತ್ತ ತಳ್ಳುತ್ತಿದ್ದಳು. ಅಂಜಮ್ಮ ಬಗ್ಗಿ ನೋಡಿ, ಸರಿಯಿದ್ದರೆ ಹೂಂ ಎನ್ನುತ್ತಿದ್ದಳು, ಇಲ್ಲದಿದ್ದರೆ ಜಾಗ ತೋರಿಸುತ್ತಿದ್ದಳು. ಮೂರು ವರ್ಷ ಹೀಗೇ ನಡೆದಿತ್ತು.

ಎಂಬತ್ತೊಂಬತ್ತನೇ ಇಸವಿ, ಆಷಾಢದ ಒಂದು ಸೋಮವಾರ. ಚನ್ನವೀರಪ್ಪನವರು ಹಣೆಯ ವಿಭೂತಿ ಬೆವರಿನಲ್ಲಿ ಕರಗುವಂತೆ ಓಡಿಬಂದು ಬ್ರೀಫ್‌ಕೇಸಿನಂಥ ಒಂದು ಕಂಪ್ಯೂಟರನ್ನು ಮೇಜಿನ ಮೇಲಿಟ್ಟರು. ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಬಹುದಂತೆ. ಅದನ್ನು ಎತ್ತಿ ನೋಡಿದವರ ತೊಡೆಗೆ ದೇವರೇ ಗತಿ! ಬೋರ್ಡು ಕೊಳ್ಳುವ ಕಂಪನಿಯ ದೊಡ್ಡ ಸಾಹೇಬರ ಸ್ವಂತ ಯಂತ್ರ, ನಾಲ್ಕು ವರ್ಷ ಹಳೆಯದು. ಯಾರೋ ಅಧಿಕಾರಿಗಳ ಎದುರು ಜಂಬದಿಂದ ತೆರೆದು ಗುಂಡಿ ಒತ್ತಿದರೆ ಮಿಸುಕಿರಲಿಲ್ಲ.

"ಮರ್ಯಾದೆ ಹೋಯ್ತು ಅಂತ ಕೆಂಡ ಆಗವ್ರೆ," ಎಂದರು ಚನ್ನವೀರಪ್ಪ. "ತಪ್ಪು ನಮ್ಮ ಬೋರ್ಡಿಂದಾದ್ರೆ ಯಾರು ಮಾಡಿದ್ದು ಅಂತ ಬರೆದು ಕಳಿಸ್ಬೇಕಂತೆ, ಅವರನ್ನ ಕೆಲಸದಿಂದ ತೆಗೆದಿದೀವಿ ಅಂತಾನೂ ಬರೀಬೇಕಂತೆ. ಇಲ್ದಿದ್ರೆ ಆರ್ಡರ್ರೇ ಬೇರೆಯವರಿಗೆ."

ಸೂಪರ್‌ವೈಸರ್ ಚನ್ನಕೇಶವ ಡಿಪ್ಲೊಮಾ ಓದಿದವನು. ಮೊದಲು ಗೋಡೆಯ ಪ್ಲಗ್ಗು ಬದಲಿಸಿದ. ಆಮೇಲೆ ವೈರು ಬದಲಿಸಿದ. ಫ್ಯೂಸು ತೆಗೆದು ನೋಡಿದ, ಚೆನ್ನಾಗೇ ಇತ್ತು. ಬ್ಯಾಟರಿ ಕಳಚಿ ಪಕ್ಕಕ್ಕಿಟ್ಟು ನೋಡಿದ. ಏನು ಮಾಡಿದರೂ ಪುಟ್ಟ ದೀಪ ಒಂದು ಸಲ ಕಣ್ಣು ಮಿಟುಕಿಸಿ ಆರಿಹೋಗುತ್ತಿತ್ತು. ಕೊನೆಗೆ ಮುಚ್ಚಳ ಬಿಚ್ಚಿ ಮೀಟರಿನ ಕಡ್ಡಿ ಊರಿದ. ಬೋರ್ಡಿಗೆ ಕರೆಂಟು ಬರುತ್ತಿತ್ತು, ಅದನ್ನು ದಾಟಿ ಮುಂದಕ್ಕೆ ಹೋಗುತ್ತಿರಲಿಲ್ಲ.

"ನಮ್ದೇ ಬೋರ್ಡು ಸಾರ್," ಎಂದ ಸಣ್ಣ ದನಿಯಲ್ಲಿ. "ಎಲ್ಲಿ ಅಂತ ಗೊತ್ತಾಗ್ತಾ ಇಲ್ಲ. ಯಶೋದಮ್ಮನೋರನ್ನ ಕರೀರಿ."

ಯಶೋದಮ್ಮ ಬಂದಳು. ಬ್ರಷ್ಷಿನ ಮರದ ಹಿಡಿಯಿಂದ ಬೋರ್ಡನ್ನು ಒಂದು ಅಂಚಿನಿಂದ ಮೆಲ್ಲಗೆ ಒತ್ತುತ್ತಾ ಬಂದಳು. ಒಂದು ಮೂಲೆಯಲ್ಲಿ ಒತ್ತಿದಾಗ ದೀಪ ಹತ್ತಿಕೊಂಡಿತು, ಬಿಟ್ಟಾಗ ಆರಿತು. ಮತ್ತೆ ಒತ್ತಿದಳು, ಮತ್ತೆ ಹತ್ತಿತು. ಚನ್ನಕೇಶವನ ಭೂತಗನ್ನಡಿ ಈಸಿಕೊಂಡು ಬಗ್ಗಿ ನೋಡಿದಳು. ಬೆಸುಗೆಯ ಗುಳ್ಳೆಯ ಸುತ್ತ ಕೂದಲೆಳೆಯಷ್ಟು ಬಿರುಕಿತ್ತು. ಸೀಸ ಕಾಯದೆ ಕೂತಿದ್ದ ಅರೆಬೆಂದ ಬೆಸುಗೆ. ಬೋರ್ಡಿನ ಮೂಲೆಯಲ್ಲಿ ಅಂಜಮ್ಮನ ಹಸಿರು ಚುಕ್ಕೆ.

ಆದರೆ ಗುಳ್ಳೆಯ ಬಾಲ ಎಡಕ್ಕಿತ್ತು.

ಯಶೋದಮ್ಮ ಭೂತಗನ್ನಡಿಯನ್ನು ಇನ್ನೂ ಹತ್ತಿರ ತಂದಳು. ಮೇಜಿನಲ್ಲಿದ್ದ ಬೇರೆ ಏಳು ಜನರೂ ಬಲಗೈಯವರು. ಕಡ್ಡಿ ಎಳೆದುಕೊಂಡಾಗ ಅವರೆಲ್ಲರ ಬೆಸುಗೆಯ ಬಾಲ ಬಲಕ್ಕೆ ಹೊರಳುತ್ತದೆ. ಎಡಕ್ಕೆ ಹೊರಳುವುದು ಇವಳೊಬ್ಬಳದು. ನಾಲ್ಕು ವರ್ಷದ ಹಿಂದಿನ ಮಧ್ಯಾಹ್ನಗಳು ಒಂದೇ ಏಟಿಗೆ ನೆನಪಾದವು. ಅಂಜಮ್ಮ ಬಾಣಂತಿ. ಎರಡು ತಿಂಗಳಿಗೇ ಕೆಲಸಕ್ಕೆ ಬಂದಿದ್ದಳು, ಎದೆ ಕಟ್ಟಿಕೊಂಡು ರವಿಕೆ ಒದ್ದೆಯಾಗುತ್ತಿತ್ತು. "ಹೋಗೇ, ಹೋಗಿ ಕೂಸಿಗೆ ಹಾಲು ಕೊಟ್ಟು ಬಾ, ನಿನ್ನ ಬೋರ್ಡು ನಾನು ಮಾಡಿರ್ತೀನಿ," ಎಂದು ಇವಳೇ ಅವಳನ್ನು ಮೂಡಲಪಾಳ್ಯದ ಮನೆಗೆ ಅಟ್ಟುತ್ತಿದ್ದಳು. ಅವಳ ಪಾಲಿನ ಬೋರ್ಡುಗಳನ್ನು ಮಾಡಿ, ಲೆಕ್ಕ ತಪ್ಪಬಾರದೆಂದು ಅವಳದೇ ಹಸಿರು ಚುಕ್ಕೆ ಇಡುತ್ತಿದ್ದಳು. ಆಗಲೇ ಇವಳ ಕಣ್ಣು ಮಂಜಾಗಲು ಶುರುವಾಗಿತ್ತು, ಇವಳಿಗೇ ಅದು ತಿಳಿದಿರಲಿಲ್ಲ.

"ಸಿಕ್ತಾ?" ಎಂದ ಚನ್ನಕೇಶವ.

"ಸಿಕ್ತು."

ಪ್ಲಗ್ಗು ಕೀಳಿಸಿ, ಕಡ್ಡಿ ಕಾಯಿಸಿ, ಹಳೆಯ ಸೀಸ ಕರಗಿಸಿ ತೆಗೆದು ಹೊಸದನ್ನು ಹಾಕಿದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಪ್ಲಗ್ಗು ಹಾಕಿ ಗುಂಡಿ ಒತ್ತಿದಾಗ ಯಂತ್ರ ಗುಂಯ್ ಎಂದು ಎದ್ದಿತು, ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಬಂದವು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅಂಜಮ್ಮನೂ ತಟ್ಟಿದಳು, ಪಾಪ.

"ಬಣ್ಣ ಯಾವ್ದು?" ಎಂದರು ಚನ್ನವೀರಪ್ಪ.

"ಹಸಿರು ಸಾರ್."

ಚಪ್ಪಾಳೆ ನಿಂತಿತು. ಅಂಜಮ್ಮನ ಮುಖ ಬಿಳಿಚಿಕೊಂಡಿತು. ಅವಳು ಎದ್ದು ಬಂದು ಬೋರ್ಡು ನೋಡಿದಳು, ಚುಕ್ಕೆಯ ಪಕ್ಕ ಬರೆದಿದ್ದ ತಿಂಗಳು ನೋಡಿದಳು, ತನ್ನ ಬಾಣಂತನದ ದಿನಗಳದು. ಅವಳಿಗೂ ತಿಳಿಯಿತು. ಆದರೆ ಹೇಳಬೇಕಾದವಳು ತಾನಲ್ಲ ಎಂಬಂತೆ ಯಶೋದಮ್ಮನ ಕಡೆಗೇ ತಿರುಗಿ ನಿಂತಳು. ಯಶೋದಮ್ಮ ಕಡ್ಡಿಯ ಮೂತಿಯನ್ನು ಒದ್ದೆ ಸ್ಪಂಜಿಗೆ ಒರೆಸುತ್ತಿದ್ದಳು. ಒರೆಸಿದಳು, ಒರೆಸಿದಳು, ಒರೆಸುತ್ತಲೇ ಇದ್ದಳು. ಅಯ್ಯೋ, ಒಂದೇ ಒಂದು ಮಾತು! ಗಂಟಲ ತನಕ ಬಂದದ್ದು ಹನುಮಯ್ಯನ ಕೆಮ್ಮು ನೆನಪಾಗಿ ಅಲ್ಲೇ ನಿಂತಿತು.

ಅಂಜಮ್ಮ ಎಷ್ಟು ಹೊತ್ತು ಕಾದಳೋ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಊಟದ ಡಬ್ಬಿ ತೊಳೆದುಕೊಂಡು, ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

ಯಶೋದಮ್ಮನಿಗೆ ಆ ದಿನ ಅನ್ನ ಇಳಿಯಲಿಲ್ಲ. ಮಾರನೆಯ ಬೆಳಗ್ಗೆ ಯಾರೂ ಬರುವ ಮುಂಚೆಯೇ ಚನ್ನವೀರಪ್ಪನವರ ಮೇಜಿನ ಮುಂದೆ ಹೋಗಿ ನಿಂತಳು.

"ಸಾರ್, ಆ ಬೆಸುಗೆ ಅಂಜಮ್ಮಂದಲ್ಲ. ನಂದು. ಅವಳು ಬಾಣಂತಿಯಾಗಿದ್ದಾಗ ಅವಳ ಬೋರ್ಡು ನಾನು ಮಾಡಿಕೊಡ್ತಿದ್ದೆ."

ಚನ್ನವೀರಪ್ಪನವರು ಕೈಲಿದ್ದ ಪೇಪರು ಕೆಳಗಿಟ್ಟು ಅವಳನ್ನೇ ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ನಿಮ್ಮ ಮನಸ್ಸು ದೊಡ್ಡದು ಯಶೋದಮ್ಮನೋರೆ. ಆದ್ರೆ ಗೆಳತೀನ ಉಳಿಸೋಕೆ ನಿಮ್ಮ ಕೈಗೆ ನೀವೇ ಕೆಟ್ಟ ಹೆಸರು ತಗೋಬೇಡಿ."

"ನಿಜ ಸಾರ್, ಬೆಸುಗೆ ಬಾಲ ಎಡಕ್ಕಿತ್ತು. ಬೋರ್ಡು ಕೊಡಿ, ಅದ್ರಲ್ಲಿ ಅಂಥ ಬಾಲ ಇನ್ನೂ ಇರ್ತವೆ, ತೋರಿಸ್ತೀನಿ."

"ಯಂತ್ರ ನಿನ್ನೆ ಸಂಜೇನೇ ಸಾಹೇಬ್ರ ಮನೆ ಸೇರ್ತು, ಕಾಗದಾನೂ ಹೋಯ್ತು. ಹನ್ನೊಂದು ವರ್ಷದಲ್ಲಿ ನಿಮ್ದೊಂದು ಬೋರ್ಡು ವಾಪಸ್ ಬಂದಿದ್ದುಂಟಾ? ನಿಮ್ಮ ಕಣ್ಣು ತಪ್ಪುತ್ತೆ ಅಂದ್ರೆ ನಾನು ನಂಬಬೇಕಾ?"

ಆಗ ಅವಳ ಕೈ ಊಟದ ಚೀಲದೊಳಗೆ ಹೋಯಿತು. ಕರ್ಚೀಫು ಸಿಕ್ಕಿತು, ಅದರೊಳಗಿನ ಕನ್ನಡಕದ ಕಡ್ಡಿ ಬೆರಳಿಗೆ ತಾಕಿತು. ತೆಗೆದು ಆ ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು, ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ಅದನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿದಳು. ಆಮೇಲೆ ಬರಿಗೈ ಹೊರಗೆ ಬಂತು.

"ಹೋಗಿ, ಕೆಲ್ಸ ನೋಡಿ," ಎಂದರು ಅವರು ಮೃದುವಾಗಿ.

ಹತ್ತು ಗಂಟೆಯೊಳಗೆ ಶೆಡ್ಡಿಗೆಲ್ಲ ಸುದ್ದಿ ಹರಡಿತು. ಸ್ನೇಹಿತೆಗಾಗಿ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಲು ಹೋದಳಂತೆ, ಈ ಕಾಲದಲ್ಲಿ ಯಾರು ಹೀಗಿರುತ್ತಾರೆ ಎಂದು ಎಲ್ಲರ ಬಾಯಲ್ಲೂ ಅದೇ. ಎದುರು ಸ್ಟೂಲಿನ ಮುನಿಲಕ್ಷ್ಮಮ್ಮ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಯಶೋದಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮುಗಿಸಿದ ಮೊದಲ ಬೋರ್ಡನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು. ಆ ಸ್ಟೂಲು ಖಾಲಿಯಿತ್ತು.

ಸಂಜೆ ನೇರವಾಗಿ ಮೂಡಲಪಾಳ್ಯಕ್ಕೆ ಹೋದಳು. ಅಂಜಮ್ಮ ಹೊಸಲಿನ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ಅಂದಿನ ಆ ಕೂಸಿಗೆ ಈಗ ಎರಡು ಜಡೆ ಹಾಕುವಷ್ಟು ಕೂದಲು ಬಂದಿತ್ತು.

"ಹೇಳ್ದೆ ಕಣೇ ಅಂಜು. ಬೆಳಗ್ಗೇನೇ ಹೋಗಿ ಎಲ್ಲಾ ಹೇಳ್ದೆ. ಅವ್ರು ನಂಬ್ಲೇ ಇಲ್ಲ."

ಅಂಜಮ್ಮ ಒಂದು ಜಡೆ ಹೆಣೆದು ಮುಗಿಸಿ ಟೇಪು ಕಟ್ಟಿದಳು.

"ಚಾಳೀಸು ತೋರಿಸಿದ್ರಾ?"

ಯಶೋದಮ್ಮ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು. ಅಂಜಮ್ಮ ಇನ್ನೊಂದು ಜಡೆಯನ್ನು ಹಾಗೇ ಬಿಟ್ಟು ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.